ಜೂಲ ಬಂದನಾ?

ಬಹಳ ಹಿಂದೆ, ಈಗಿನ ಕೆರೆ ಇನ್ನೂ ಹಳ್ಳವಾಗಿದ್ದ ಕಾಲದಲ್ಲಿ, ಈಚಲಹಟ್ಟಿ ಅನ್ನೋ ಒಂದೂರಲ್ಲಿ ಸಂಕಮ್ಮ ಅಂತ ಒಬ್ಬಳಿದ್ದಳಂತೆ. ಈಚಲುಗರಿಯ ಪೊರಕೆ ಕಟ್ಟೋಳು. ಅವಳು ಹಾಕಿದ ಗಂಟು ಪೊರಕೆ ಸವೆದರೂ ಬಿಚ್ಚುತ್ತಿರಲಿಲ್ಲ ಅಂತಾರೆ.

ಗಂಡ ಹುಚ್ಚುನಾಯಿ ಕಚ್ಚಿ ಸತ್ತ. ಊರವರು ಮಂತ್ರದ ನೀರು ಕುಡಿಸಿದ್ದೇ ಬಂತು. ಆಮೇಲೆ ಅವಳ ಜಗಲಿ ಮೇಲೆ ಒಬ್ಬರೂ ಕೂರಲಿಲ್ಲ. ಪೊರಕೆ ಬೇಕು, ಪೊರಕೆಯವಳು ಬೇಡ! ಕೊನೆಗೆ ಒಂದು ಬೀದಿನಾಯಿ ಮರಿ ಬಂದು ಕೂತಿತು. ಮೈತುಂಬ ಕೂದಲು, ಜೂಲ ಅಂತ ಕರೆದಳು. ಅದರ ಜೊತೆ ಮಾತು, ಅದರ ಜೊತೆ ಮುದ್ದೆ.

ಇದಕ್ಕೂ ಹುಚ್ಚು ಹಿಡಿದರೆ ಅಂತ ಹೆದರಿ, ಪೇಟೆಗೆ ನಡೆದುಹೋಗಿ ನಾಯಿಗೆ ಸೂಜಿ ಹಾಕೋನನ್ನ ಕರೆತಂದಳು. ಅವನು ಸೈಕಲ್ಲಿಗೆ ಮದ್ದಿಟ್ಟ ಐಸಿನ ಡಬ್ಬ ಕಟ್ಟಿಕೊಂಡು ವರ್ಷಕ್ಕೊಂದು ಸಲ ಬರುತ್ತಿದ್ದ. ಸಾಕಲ್ಲ ಊರಿಗೆ! ಪಟೇಲರ ಹೆಂಡತಿ ದೊಡ್ಡತಾಯಮ್ಮ ಬಾವಿಕಟ್ಟೆಯಲ್ಲೇ ಶುರುಮಾಡಿದಳು: "ನಾಯಿ ನೆಪ ಕಣ್ರೇ. ಸೂಜಿ ಯಾರಿಗೋ, ಸುಖ ಯಾರಿಗೋ." ಕೊಡ ತುಂಬಿ ಚೆಲ್ಲಿದರೂ ಹೆಂಗಸರು ಕದಲಲಿಲ್ಲವಂತೆ.

ಸಂಕಮ್ಮ ಮಾತ್ರ ಮನೆಮನೆಗೆ ಹೋಗಿ, ನಿಮ್ಮ ನಾಯೀನೂ ತನ್ನಿ ಅಂದಳು. ಕೆಲವರು ತಂದರು. ಜೂಲ ಮೊದಲು ಸುಮ್ಮನೆ ನಿಂತು ಹಾಕಿಸಿಕೊಳ್ಳುತ್ತಿತ್ತು, ಅದನ್ನ ನೋಡಿ ಉಳಿದವೂ ನಿಲ್ಲುತ್ತಿದ್ದವು. ಸೂಜಿ ಬಿದ್ದ ನಾಯಿಗೆ ಗುರುತಿರಲಿ ಅಂತ ತನ್ನ ಮದುವೆಯ ಕೆಂಪು ಸೀರೆ ಹರಿದು, ಆ ಚೂರನ್ನ ಕೊರಳಿಗೆ ಪೊರಕೆಗಂಟು ಹಾಕಿ ಕಟ್ಟುತ್ತಿದ್ದಳು. ದೊಡ್ಡತಾಯಮ್ಮ ಮಾತ್ರ, ಆ ಮಾನಗೆಟ್ಟವಳ ಅಂಗಳಕ್ಕೆ ನಮ್ಮ ನಾಯಿ ಕಾಲಿಡಲ್ಲ ಅಂದಳಂತೆ.

ಒಂದು ಬೇಸಿಗೆ ಹುಚ್ಚುನರಿ ಊರಿಗೆ ನುಗ್ಗಿ ಕಂಡ ನಾಯಿಗಳನ್ನೆಲ್ಲ ಕಚ್ಚಿತು. ಪಟೇಲರ ನಾಯಿಯನ್ನೂ ಕಚ್ಚಿತು. ಪಂಚರು ಸೇರಿ, ಕೆಂಪುಬಟ್ಟೆ ಇಲ್ಲದ ನಾಯಿಯನ್ನೆಲ್ಲ ಹೊಡೆದುಹಾಕಿ ಅಂದರು. ದೊಡ್ಡತಾಯಮ್ಮನ ನಾಯಿಯ ಕೊರಳು ಬರಿದು. ಕಾಪಾಡೋದು ಬಟ್ಟೇನೇ ಅಂದುಕೊಂಡಿದ್ದಳು, ಪಾಪದ ಹೆಂಗಸು! ಸಂಕಮ್ಮ ಗರಿ ಕೊಯ್ಯಲು ಹೋದದ್ದು ನೋಡಿ, ಅಂಗಳದಲ್ಲಿ ಮಲಗಿದ್ದ ಜೂಲನಿಗೆ ರೊಟ್ಟಿ ಹಾಕಿದಳು. ಎಳೆದರೂ ಗಂಟು ಬಿಚ್ಚಲಿಲ್ಲ. ಕುಡುಗೋಲಲ್ಲಿ ಕುಯ್ದುಕೊಂಡು ಹೋಗಿ ತನ್ನ ನಾಯಿಗೆ ಕಟ್ಟಿದಳು.

ದೊಣ್ಣೆಯವರು ಬಂದರು. ಜೂಲನ ಬರೀ ಕೊರಳು ನೋಡಿದರು. ಅದು ಗುರುತಿನವರು ಅಂತ ಬಾಲ ಆಡಿಸಿತಂತೆ.

ಸಂಕಮ್ಮ ಬಂದಳು, ಗರಿಯ ಹೊರೆ ಇಳಿಸಿದಳು, ನೋಡಿದಳು. ಪಟೇಲರ ನಾಯಿ ಕೊರಳಲ್ಲಿ ಈಗ ಕೆಂಪುಬಟ್ಟೆ ಇದೆ ಅಂತ ಯಾರೋ ಅಂದರು. ಅಂಗಳದ ಮೂಲೆಯಲ್ಲಿ ತಾನೇ ಗುಂಡಿ ತೋಡಿ ಜೂಲನನ್ನ ಮಣ್ಣು ಮಾಡಿ, ನೆಟ್ಟಗೆ ಪಟೇಲರ ಮನೆಗೆ ನಡೆದಳು. ಜಗಳ ನೋಡೋಕೆ ಊರಿಗೆ ಊರೇ ಹಿಂದೆ. ಪಟೇಲರ ನಾಯಿಯ ಕೊರಳಲ್ಲಿ ಅವಳದೇ ಸೀರೆಯ ಚೂರು. ಗಂಟು ಮಾತ್ರ ದನ ಕಟ್ಟೋ ಗಂಟು.

"ತಾಯವ್ವ, ನಿನ್ನ ನಾಯಿನ ಸರಪಳಿ ಹಾಕಿ ಕಟ್ಟು. ಆ ಬಟ್ಟೇಲಿ ಏನೂ ಇಲ್ಲ, ಇದ್ದಿದ್ದು ಸೂಜೀಲಿ. ಮೊಮ್ಮಗೂನ ಹತ್ರ ಬಿಡಬ್ಯಾಡ" ಅಂದಳು. ಅಷ್ಟೇ ಅಂದು ತಿರುಗಿದಳು.

ದೊಡ್ಡತಾಯಮ್ಮ ಕಟ್ಟಿದಳು. ಸ್ವಲ್ಪ ದಿನಕ್ಕೆ ಆ ನಾಯಿ ಜೊಲ್ಲು ಸುರಿಸುತ್ತ, ಸರಪಳಿಯನ್ನೇ ಕಚ್ಚುತ್ತ ಸತ್ತಿತು. ಮೊಮ್ಮಗು ಉಳಿಯಿತು. ಅವತ್ತಿಂದ ಅವಳು ಬಾವಿಕಟ್ಟೆಯಲ್ಲಿ ಬರೀ ನೀರು ಸೇದುತ್ತಿದ್ದಳು ಅಂತಾರೆ. ಬಾಯಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಉಂಟಾ!

ಮರುವರ್ಷ ಅಂಗಳ ತುಂಬ ನಾಯಿ, ಜಗಲಿ ತುಂಬ ಜನ. ಸಂಗತಿ ತಿಳಿಯದ ಸೂಜಿಯವನು ಎಂದಿನಂತೆ, "ಸಂಕಮ್ಮ, ಜೂಲ ಬಂದನಾ?" ಅಂದ. ಪಕ್ಕದ ಮನೆಯ ನಾಯಿಯ ಕಿವಿ ಹಿಡಿದು ಕೂತಿದ್ದ ಸಂಕಮ್ಮ, ಅಂಗಳದ ಮೂಲೆ ಕಡೆ ನೋಡಿ, "ಬಂದವ್ನೆ. ನೀನು ಮುಂದಿನ್ದಕ್ಕೆ ಹಾಕಪ್ಪ" ಅಂದಳಂತೆ.

ಆಮೇಲೆ ಎಷ್ಟೋ ವರ್ಷ ಊರಿನ ನಾಯಿಗಳನ್ನೆಲ್ಲ ಸೂಜಿಗೆ ಅವಳೇ ಹಿಡಿದಳು. ಜನ ಜಗಲಿ ಮೇಲೆ ಕೂರುತ್ತಿದ್ದರು, ಕತ್ತಲಾಗೋ ಹೊತ್ತಿಗೆ ತಮ್ಮ ತಮ್ಮ ನಾಯಿ ಕರೆದುಕೊಂಡು ಹೋಗುತ್ತಿದ್ದರು. ಅವಳು ಮಾತ್ರ ಇನ್ನೊಂದು ನಾಯಿ ಸಾಕಲಿಲ್ಲ.

ಇವತ್ತಿಗೂ ಈಚಲಹಟ್ಟಿಗೆ ಯಾವ ಡಾಕ್ಟ್ರು ಬರಲಿ, "ಜೂಲ ಬಂದನಾ?" ಅಂತ ಕೇಳದೆ ಮೊದಲ ಸೂಜಿ ಹಾಕೋ ಹಾಗಿಲ್ಲ. ನಾಯಿ ಹಿಡಿದು ನಿಂತವರೆಲ್ಲ ಸಂಕಮ್ಮನ ಅಂಗಳದ ಆ ಮೂಲೆ ಕಡೆ ತಿರುಗಿ, "ಬಂದವ್ನೆ" ಅಂತಾರೆ.