ಮುಡಿಯವ್ವನ ಬನ

ಕೆಂಚನದುರ್ಗದ ಕೋಟೆಯ ಕೆಳಗಿರುವ ಸಾರ್ವಜನಿಕ ಉದ್ಯಾನಕ್ಕೆ ಪುರಸಭೆ ಬೇರೆ ಹೆಸರಿಟ್ಟಿದ್ದರೂ ಊರಿನವರ ಬಾಯಲ್ಲಿ ಅದು ಮುಡಿಯವ್ವನ ಬನವೇ. ಕಾರ್ತಿಕ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದು ನೋಡಬೇಕು. ಬಾದಾಮಿ ಮರಗಳ ಅಗಲ ಎಲೆಗಳು ಕೆಂಪೇರಿ ಉದುರತೊಡಗಿರುತ್ತವೆ, ಬೇಲಿಯ ಬಾರಿಗಿಡಗಳಲ್ಲಿ ಹಣ್ಣು ಹಳದಿಗೆ ತಿರುಗಿರುತ್ತದೆ, ಉಳಿದ ಹೂಗಳೆಲ್ಲ ಚಳಿಗೆ ಮುದುಡಿದಾಗ ಸೇವಂತಿಗೆಯೊಂದೇ ಮೈದುಂಬಿ ಅರಳಿರುತ್ತದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬೊಮ್ಮಕ್ಕ ಮತ್ತು ಅವಳ ಗಂಡ ಕಾಟಯ್ಯ ಈ ತೋಟವನ್ನು ನೋಡಿಕೊಳ್ಳುತ್ತಿದ್ದರು. ಒಂದು ಮುಂಗಾರಿನಲ್ಲಿ ತೋಟದ ಕಲ್ಲಿನ ತಡೆಗೋಡೆ ಕುಸಿದು ಕಾಟಯ್ಯ ಸತ್ತ. ವಿಧವೆ ಗಿಡಕ್ಕೆ ನೀರು ಹಾಕಬಹುದು, ಹೂ ಕೀಳುವಂತಿಲ್ಲ, ಮುಡಿಯುವಂತಿಲ್ಲ ಎಂದು ಊರಗೌಡ ಬಸವಂತಪ್ಪ ಕಟ್ಟು ಮಾಡಿದ. ಗೋಡೆಯನ್ನು ಮತ್ತೆ ಕಟ್ಟಿದ ಮೇಲೆ ಬೊಮ್ಮಕ್ಕ ಅದರ ಬುಡದಲ್ಲೇ ಸೇವಂತಿಗೆ ಸಸಿಗಳನ್ನು ಸಾಲಾಗಿ ಊರಿದಳು. ಕಾರ್ತಿಕದಲ್ಲಿ ಅವು ಮೈತುಂಬ ಹೂ ಬಿಟ್ಟಾಗ ಒಂದನ್ನು ಕಿತ್ತು ತುರುಬಿಗೆ ಸಿಕ್ಕಿಸಿಕೊಂಡು ಹಾಡಹಗಲೇ ಚಾವಡಿಯ ಮುಂದೆ ಹಾದುಹೋದಳು.

“ತೆಗಿ ಅದನ್ನ!” ಎಂದು ಗೌಡ ಗದರಿದ.

“ನನಗೆ ಮೊದಲು ಹೂ ಮುಡಿಸಿದ್ದು ನಮ್ಮವ್ವ, ಗೌಡ್ರೇ. ಗಂಡ ಬರೋಕೆ ಮುಂಚೆ ಇದ್ದದ್ದು, ಅವನು ಹೋದ ಅಂತ ಯಾಕೆ ಹೋಗಬೇಕು?”

ಗೌಡ ಹಡಪದ ನಿಂಗಣ್ಣನನ್ನು ಕರೆಸಿ, ಎಲ್ಲರೆದುರು ಅವಳ ತಲೆ ಬೋಳಿಸಿದ. “ಮುಡಿಯವ್ವಾ, ಇನ್ನೆಲ್ಲಿಗೆ ಮುಡೀತೀಯೇ?” ಎಂದು ಕೂಡಿದ ಜನ ನಕ್ಕರು. ಅಂದು ಅವಳು ಗೋಡೆಯ ಬುಡದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಸೆರಗು ಹೊದೆಯದೆ, ಬೋಳುತಲೆಗೆ ಸೇವಂತಿಗೆಯ ದಂಡೆಯನ್ನೇ ಸುತ್ತಿಕೊಂಡು ಚಾವಡಿಗೆ ಬಂದಳು. ಅವಳ ಹಿಂದೆ ಊರಿನ ಬೇರೆ ವಿಧವೆಯರೂ ಇದ್ದರು. ಅವರೆಲ್ಲರ ತುರುಬಿನಲ್ಲೂ ಹೂವಿತ್ತು. ಗೌಡ ಮತ್ತೆ ನಿಂಗಣ್ಣನನ್ನು ಕೂಗಿದ. ನಿಂಗಣ್ಣ ಬಂದು ನೋಡಿದರೆ ಆ ಗುಂಪಿನಲ್ಲಿ ಅವನ ಒಡಹುಟ್ಟಿದ ಅಕ್ಕ! ಅವನು ಕ್ಷೌರದ ಕತ್ತಿಯನ್ನು ಹಡಪದ ಚೀಲದೊಳಗೆ ಹಾಕಿ ಮುಚ್ಚಿದ. “ಇವರ ತಲೆಗೆ ನಾನು ಕೈಹಾಕಲ್ಲ. ನಾಳೆಯಿಂದ ನಿಮ್ಮ ಗಡ್ಡಾನೂ ನೀವೇ ಕೆರಕೊಳ್ಳಿ, ಗೌಡ್ರೇ” ಎಂದ. ಈ ಸಲ ಜನ ನಕ್ಕದ್ದು ಗೌಡನನ್ನು ನೋಡಿ. ಅವನ ಕಟ್ಟು ಅಂದೇ ಮುರಿಯಿತು. ಹಂಗಿಸಲು ಇಟ್ಟ ಹೆಸರನ್ನು ಮಾತ್ರ ಬೊಮ್ಮಕ್ಕ ಬಿಡಲಿಲ್ಲ. ಯಾರಾದರೂ ನೀನು ಯಾರು ಎಂದರೆ “ಮುಡಿಯವ್ವ” ಎಂದೇ ಹೇಳುತ್ತಿದ್ದಳಂತೆ.

ಇಂದು ಉದ್ಯಾನದ ತುಂಬ ‘ಹೂ ಕೀಳಬಾರದು’ ಎಂಬ ಫಲಕಗಳಿವೆ. ತಡೆಗೋಡೆಯ ಬುಡದ ಸಾಲಿಗೆ ಮಾತ್ರ ಇಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸರು ಕಾರ್ತಿಕದಲ್ಲಿ ಅಲ್ಲಿಗೆ ಬರುತ್ತಾರೆ, ಯಾರನ್ನೂ ಕೇಳದೆ ಕೀಳುತ್ತಾರೆ, ಅಲ್ಲೇ ನಿಂತು ಮುಡಿಯುತ್ತಾರೆ.