ಇಪ್ಪೆ ಮರಕ್ಕೆ ನಮಸ್ಕಾರ

ಒಂದು ಕಾಡಿನ ಕರಡಿಗಳಿಗೆಲ್ಲ ಮುದಿ ಗಂಡು ಕರಡಿಯೊಂದು ಯಜಮಾನನಾಗಿತ್ತು. ಹಲ್ಲು ಗಟ್ಟಿ, ಉಗುರು ಚೂಪು, ಕೆಮ್ಮು ನೆಗಡಿ ಹತ್ತಿರ ಸುಳಿದದ್ದಿಲ್ಲ. ಎರಡು ಕಾಲಿನ ಮೇಲೆ ನಿಂತರೆ ಈಗಲೂ ಠೀವಿ. ಆದರೆ ಈಚೆಗೆ ಒಮ್ಮೆ ಬಗ್ಗಿದರೆ ಸೊಂಟ ಮೇಲೇಳಲು ಒಪ್ಪುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅದಕ್ಕೇ ಅದು, ನೆಲಕ್ಕೆ ಬಿದ್ದದ್ದನ್ನು ಬಗ್ಗಿ ತಿನ್ನುವುದು ಕರಡಿ ಕುಲಕ್ಕೆ ಅವಮಾನವೆಂದು ಕಟ್ಟಳೆ ಮಾಡಿತು.

ಇಪ್ಪೆ ಹೂ ಉದುರುವ ಕಾಲ ಬಂತು. ಕಿರಿಯ ಕರಡಿಗಳು ಮರದಡಿ ಬಾಯಿ ತೆರೆದು ನಿಂತವು. ಹೂವೆಲ್ಲ ಮೂಗಿಗೆ ತಾಗಿ ನೆಲಕ್ಕೆ ಬಿತ್ತು. ಮುಳ್ಳುಹಂದಿಯೊಂದು ಬಂದು ಅವುಗಳ ಕಾಲ ಬಳಿಯೇ ಸಾವಕಾಶವಾಗಿ ತಿನ್ನತೊಡಗಿತು.

“ಯಜಮಾನರೇ, ಹೋದ ವರ್ಷ ನೀವೂ ನನ್ನ ಪಕ್ಕದಲ್ಲೇ ತಿಂದಿರಲ್ಲ. ಮೈಗೆ ಹುಷಾರಿಲ್ಲವೇ?” ಎಂದಿತು ಮುಳ್ಳುಹಂದಿ.

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ. ಇದು ನಮ್ಮ ಕುಲದ ಪದ್ಧತಿ, ಅನಾದಿ ಕಾಲದ್ದು,” ಎಂದಿತು ಕರಡಿ.

ಹಸಿದ ಕಿರಿಯರು ನೀರಾದರೂ ಕುಡಿಯೋಣವೆಂದು ಹೊಳೆಗೆ ಹೋದರು. ಅದೇ ಸಮಯ ನೋಡಿ ಯಜಮಾನ ಕರಡಿ ಬಗ್ಗಿ, ಹೊಟ್ಟೆ ತುಂಬ ಹೂ ತಿಂದಿತು. ಏಳಲು ಹೋದರೆ ಸೊಂಟ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಕಿರಿಯರು ಮರಳಿದರು. ಯಜಮಾನರ ಮೂಗು ಮಣ್ಣಿನಲ್ಲಿತ್ತು.

“ಏನು ಮಾಡುತ್ತಿದ್ದೀರಿ?”

“ಮರಕ್ಕೆ ನಮಸ್ಕಾರ,” ಎಂದಿತು ಕರಡಿ, ತಲೆಯೆತ್ತದೆ. “ಇದೂ ಅನಾದಿ ಕಾಲದ್ದೇ.”

ಎಲ್ಲ ಕರಡಿಗಳೂ ಸಾಲಾಗಿ ಅಡ್ಡಬಿದ್ದವು. ಮುಳ್ಳುಹಂದಿ ಅವುಗಳ ನಡುವೆ ಓಡಾಡಿಕೊಂಡು ಉಳಿದ ಹೂವನ್ನೂ ಮುಗಿಸಿತು.

“ಏಳುವುದು ಯಾವಾಗ?” ಎಂದು ಹಸಿದ ಕರಡಿಯೊಂದು ಮೆಲ್ಲಗೆ ಕೇಳಿತು.

“ಹಿರಿಯರು ಎದ್ದ ಮೇಲೆ,” ಎಂದಿತು ಯಜಮಾನ ಕರಡಿ.