ಕಳೆದ ತಾಸಿನ ಗಾಳಿ

“ಬುದ್ಧಿ, ದಿನವಿಡೀ ನಾನು ಯಾರೊಂದಿಗೂ ಗಡುಸಾಗಿ ಮಾತಾಡುವುದಿಲ್ಲ. ಯಾವಾಗಲೋ ಒಂದರೆಗಳಿಗೆ ಸಿಟ್ಟು ನೆತ್ತಿಗೇರಿ ಕೈ ಎತ್ತಿಬಿಡುತ್ತೇನೆ. ಒಟ್ಟು ನೋಡಿದರೆ ನಾನು ಶಾಂತ ಮನುಷ್ಯನೇ ಅಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಕೆಟ್ಟವನೇನಲ್ಲ. ಅವನ ಹೆಂಡತಿಗೆ ಉಬ್ಬಸವಿತ್ತು. ಊರಂಚಿನ ಕಾರ್ಖಾನೆ ಹೊಗೆ ಬಿಡುತ್ತಿದ್ದುದರಿಂದ ಅವನ ಮನೆಯೆದುರಿನ ಚೌಕದಲ್ಲಿ ಗಾಳಿ ಅಳೆಯುವ ಯಂತ್ರ ನಿಲ್ಲಿಸಿ, ಮೇಲೊಂದು ಫಲಕ ಹಾಕಿದ್ದರು. ಗಾಳಿ ಚೆನ್ನಾಗಿದ್ದರೆ ಹಸಿರು ಅಂಕಿ, ಕೆಟ್ಟರೆ ಕೆಂಪು. ಫಲಕ ಬಂದದ್ದೇ ತಡ, ಊರವರು ತಮ್ಮ ಮೂಗನ್ನು ನಂಬುವುದು ಬಿಟ್ಟರು. ವರ್ತಕನಂತೂ ಅದನ್ನು ನೋಡದೆ ಕಿಟಕಿ ತೆರೆಯುತ್ತಿರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. ಹೆಂಡತಿಯೆಂದರೆ ಅವನಿಗೆ ಅಷ್ಟು ಪ್ರೀತಿ.

ಒಂದು ಬೆಳಿಗ್ಗೆ ಬೀದಿಯ ಗುಬ್ಬಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಮಲಗಿದ್ದ ನಾಯಿಯೊಂದು, ಯಾರೂ ಗದರದಿದ್ದರೂ, ಬಾಲ ಮುದುರಿಕೊಂಡು ಊರಾಚೆ ಹೊರಟುಹೋಯಿತು.

ಹೆಂಡತಿ ಹಾಸಿಗೆಯಿಂದಲೇ, “ರೀ, ಗಂಟಲು ಕಟ್ತಾ ಇದೆ. ಕಿಟಕಿ ಮುಚ್ಚಿ” ಎಂದಳು.

ವರ್ತಕ ಫಲಕ ನೋಡಿದ. “ಹಸಿರೇ ಇದೆ ಕಣೇ. ಊರಿಗೆಲ್ಲ ಆಗೋ ಗಾಳಿ ನಿನಗೊಬ್ಬಳಿಗೆ ಆಗಲ್ವಾ?” ಎಂದು ನಕ್ಕು, ಕಿಟಕಿಯ ಇನ್ನೊಂದು ಕದವನ್ನೂ ತೆರೆದ. ಅವಳು ಮತ್ತೆ ಕೇಳಲಿಲ್ಲ. ನಿದ್ದೆ ಹತ್ತಿತೆಂದುಕೊಂಡು ಅವನು ಕೆಳಗಿನ ಮಳಿಗೆಗೆ ಇಳಿದ.

ಬಿಸಿಲೇರಿತು. ಗುಬ್ಬಿಗಳು ಮರಳಿ ಬಂದವು. ಆಗ ಫಲಕ ಕೆಂಪಾಯಿತು. ಚೌಕದ ಸುತ್ತ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ತಿಳಿಯಾದ ಗಾಳಿಯನ್ನು ಹೊರಗಿಟ್ಟು, ಬೆಳಗಿನ ಹೊಗೆಯನ್ನು ಒಳಗೆ ಕೂಡಿಹಾಕಿಕೊಂಡು ಊರು ಉಸಿರು ಬಿಗಿಹಿಡಿದು ಕುಳಿತಿತು. ವರ್ತಕ ಮೇಲಕ್ಕೆ ಓಡಿ ಕಿಟಕಿ ಮುಚ್ಚಿ, ಹೆಂಡತಿಯ ಕೈ ಹಿಡಿದ. ಕೈ ತಣ್ಣಗಿತ್ತು.

ಗಾಜಿನಾಚೆ, ಕೆಂಪು ಅಂಕಿಯ ಪಕ್ಕದಲ್ಲಿ ಸಮಯವೂ ಇತ್ತು. ಅದು ಈಗಿನ ಹೊತ್ತಲ್ಲ; ಅವಳು “ಕಿಟಕಿ ಮುಚ್ಚಿ” ಎಂದ ಹೊತ್ತು. ಯಂತ್ರ ಒಂದು ತಾಸಿನ ಗಾಳಿಯನ್ನೆಲ್ಲ ಅಳೆದು ಕೂಡಿಸಿ, ಸರಾಸರಿ ತೆಗೆದು, ತಾಸು ಕಳೆದ ಮೇಲೆ ತೋರಿಸುತ್ತಿತ್ತು. ಬೆಳಿಗ್ಗೆ ಅವನು ಕಂಡ ಹಸಿರು ಅದಕ್ಕೂ ಹಿಂದಿನ ತಾಸಿನದು. ಪಕ್ಕದ ಸಮಯವನ್ನು ಅವನು ಎಂದೂ ಓದಿರಲಿಲ್ಲ, ಬಣ್ಣವನ್ನಷ್ಟೇ ನೋಡಿದ್ದ.

ಮರುದಿನ ಫಲಕದಲ್ಲಿ, ದಿನಕ್ಕೊಮ್ಮೆ ತೋರಿಸುವ, ಹಿಂದಿನ ಇಡೀ ದಿನದ ಸರಾಸರಿ ಬಂತು. ಅದು ಹಸಿರಾಗಿತ್ತು. ಹೆಣ ಹೊತ್ತವರು ಅದರ ಕೆಳಗೇ ಹಾದುಹೋದರು. ತಲೆಯೆತ್ತಿ ನೋಡಿದವರು, ನಿನ್ನೆ ಗಾಳಿ ಚೆನ್ನಾಗಿತ್ತು ಎಂದುಕೊಂಡರು.

ಮರುಳಯ್ಯ, “ಯಂತ್ರ ಸುಳ್ಳು ಹೇಳಲಿಲ್ಲವಲ್ಲ, ಬುದ್ಧಿ” ಎಂದ.

“ಇಲ್ಲ” ಎಂದ ಗುರುಗಳು ಕೇಳಿದರು: “ನಿನ್ನ ಆ ಅರೆಗಳಿಗೆಯಲ್ಲಿ ಎದುರಿಗೆ ನಿಂತಿರುವವರು ಯಾರು, ಮರುಳಯ್ಯ?”